ಕೆಂಡಲ್ ಪಾರ್ಕಿನ ಬನ್ನಿಮರ

ಅಮೆರಿಕಕ್ಕೆ ಹೋಗಿ ಬಂದವರಿಗೆ ನಮ್ಮ ಗದಗಿನಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಏನು ನೋಡಿದಿ? ಏನು ತಂದಿ? ನಾನು ಆರು ವಾರ ಇದ್ದು ಬಂದೆ. ನೋಡಿದ್ದು ಒಂದು ಮರ. ತಂದದ್ದು ಒಂದು ಸೋಲು.

ಸೋಲು ನನಗೆ ರೂಢಿಯಿಲ್ಲದ ಸಾಮಾನು. ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ಗೆದ್ದಿದ್ದೇನೆ, ವಿರೋಧವಾಗಿಯೂ ಗೆದ್ದಿದ್ದೇನೆ. ಮನೆಯಲ್ಲಿ ಕಪ್ಪುಗಳು ಹೆಚ್ಚಾಗಿ ಅವ್ವ ಒಂದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಾಳೆ. ಕಾನೂನು ಪದವಿ ಮುಗಿದು, ಇನ್ನೇನು ಕೋರ್ಟಿನ ಮೆಟ್ಟಿಲು ಹತ್ತಬೇಕು ಅನ್ನುವಾಗ ನ್ಯೂ ಜೆರ್ಸಿಯ ಸರೋಜತ್ತೆ, ಅಪ್ಪನ ಒಬ್ಬಳೇ ತಂಗಿ, ಟಿಕೆಟ್ ಕಳಿಸಿದಳು. "ಜಡ್ಜ್ ಸಾಹೇಬರ ಕೂಡ ಜಗಳಾ ಚಾಲೂ ಮಾಡೂಕಿಂತ ಮದಲ ನನ್ನ ಕೂಡ ಮಾಡು ಬಾ" ಎಂದು ಫೋನಿನಲ್ಲಿ ನಕ್ಕಳು. ಅದು ೨೦೦೮ರ ಸೆಪ್ಟೆಂಬರ್ ಕೊನೆ. ದಸರೆಗೆ ಎರಡು ವಾರ ಇತ್ತು. ಆ ದೇಶದ ದೊಡ್ಡ ದೊಡ್ಡ ಬ್ಯಾಂಕುಗಳು ಒಂದೊಂದಾಗಿ ಕುಸಿಯುತ್ತಿದ್ದವು.

ನೆವಾರ್ಕ್

ತಂಗಿಗೆಂದು ಅಪ್ಪ ಕೊಟ್ಟದ್ದು ಒಂದೇ ಗಂಟು. ಹಿಂದಿನ ವರ್ಷದ ಬನ್ನಿ ಎಲೆ. ಜಗಲಿಯ ಮೇಲೆ ದೇವರ ಮುಂದೆ ಇಟ್ಟದ್ದನ್ನು ಹಳದಿ ಬಟ್ಟೆಯಲ್ಲಿ ಕಟ್ಟಿದ್ದರು. ವಿಜಯದಶಮಿಯ ದಿನ ಬನ್ನಿ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅನ್ನುವುದು ನಮ್ಮ ಕಡೆಯ ರೂಢಿ. ಚಿಕ್ಕವರು ಮನೆಮನೆಗೆ ಹೋಗಿ ಕೊಟ್ಟು ದೊಡ್ಡವರ ಕಾಲು ಮುಟ್ಟಬೇಕು. ಎಲೆಗೆ ಬಂಗಾರವೆಂದು ಹೆಸರಿಟ್ಟರೆ ಅದರ ತೂಕ ಏರುವುದಿಲ್ಲ ಎಂದು ನಾನು ಹತ್ತನೆಯ ತರಗತಿಯಲ್ಲೇ ಮನೆಯಲ್ಲಿ ಸಾಧಿಸಿ, ಕಾಲು ಮುಟ್ಟುವುದರಿಂದ ವಿನಾಯಿತಿ ಪಡೆದಿದ್ದೆ.

ವಿಮಾನದಲ್ಲಿ ಕೊಟ್ಟ ಫಾರ್ಮಿನಲ್ಲಿ ಗಿಡ, ಬೀಜ, ಮಣ್ಣು ತಂದಿದ್ದೀರಾ ಎಂದು ಕೇಳಿತ್ತು. ಹೌದು ಎಂದು ಗೀಟು ಹಾಕಿದೆ. ಸತ್ಯ ಹೇಳಿದವರ ವಾದಕ್ಕೆ ಬಲ ಹೆಚ್ಚು. ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಎತ್ತರದ ಅಧಿಕಾರಿ ಗಂಟು ಎತ್ತಿ, ಇದೇನು ಎಂದ.

"ಗೋಲ್ಡ್" ಎಂದೆ. ಹದಿನಾರು ತಾಸಿನ ಪ್ರಯಾಣದಲ್ಲಿ ಬುದ್ಧಿಗೂ ಜೋಮು ಹಿಡಿದಿತ್ತೆಂದು ಕಾಣುತ್ತದೆ.

ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಗಂಭೀರವಾಗಿ ಗಂಟು ಬಿಚ್ಚಿ, ಒಣ ಎಲೆ ನೋಡಿ, ನನ್ನನ್ನು ನೋಡಿದರು. ಇದು ಬಂಗಾರವಲ್ಲ, ಬಂಗಾರವೆಂದು ಕೊಡುವ ಎಲೆ ಎಂದು ವಿವರಿಸಿದೆ. ಅಷ್ಟಕ್ಕೆ ಎಲೆ ಹೊರಗೆ ಬಿಡುವುದಿಲ್ಲವೆಂದರು. ನಾನು ತೋಳೇರಿಸಿದೆ. ಒಂದು ವರ್ಷ ಒಣಗಿದ ಎಲೆ. ಇದರಲ್ಲಿ ಯಾವ ಹುಳ, ಏನು ತಿಂದು, ಹೇಗೆ ಬದುಕಿರುತ್ತದೆ?

"ಮ್ಯಾಮ್" ಎಂದ ಎತ್ತರದವನು, ಬಹಳ ಶಾಂತವಾಗಿ. "ನಿಮ್ಮ ಕಣ್ಣಿಗೆ ಕಾಣದ ಹುಳ ಇಲ್ಲ ಅಂತ ಆಗುವುದಿಲ್ಲ."

ಅಪ್ಪನ ಬನ್ನಿ ಕಸದ ಡಬ್ಬಿಗೆ ಹೋಯಿತು. ಸೋತ ಸಿಟ್ಟಿನಲ್ಲೂ ಆ ವಾಕ್ಯವನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಎದುರಾಳಿಯ ಒಳ್ಳೆಯ ಮಾತನ್ನು ಬಿಟ್ಟುಬರಬಾರದು. ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ.

ಕೆಂಡಲ್ ಪಾರ್ಕ್

ಬನ್ನಿ ಹೋಯಿತೆಂದು ಹೇಳಿದಾಗ ಅತ್ತೆ ನಕ್ಕುಬಿಟ್ಟಳು. "ಹೋಗಲಿ ಬಿಡು ವಕೀಲವ್ವಾ. ನಮಗ ಇಲ್ಲೇ ಐತಿ ಬನ್ನಿ."

ಕೆಂಡಲ್ ಪಾರ್ಕ್ ಅತ್ತೆಯ ಊರು; ಅವಳ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಅದು ನಿಂತಿತ್ತು. ಮಾಡನ್ನು ದಾಟಿ ಬೆಳೆದ, ಕೊಂಬೆಗಳನ್ನು ಸೆರಗಿನ ಹಾಗೆ ಇಳಿಬಿಟ್ಟ, ಕಡು ಹಸಿರಿನ ಮರ. ಅಕ್ಟೋಬರಿನಲ್ಲಿ ಆ ಬೀದಿಯ ಉಳಿದ ಮರಗಳೆಲ್ಲ ಕೆಂಪು, ಕೇಸರಿ ಬಳಿದುಕೊಂಡು ಮದುವೆಗೆ ಹೊರಟಂತಿದ್ದರೆ ಇದು ಮಾತ್ರ ನಿನ್ನೆಯ ಬಟ್ಟೆಯಲ್ಲೇ ಇತ್ತು. ಹೆಸರು ಹೆಮ್ಲಾಕ್. ಹಿಂದಿನ ಕಾಲದಲ್ಲಿ ಹೆಚ್ಚು ವಾದ ಮಾಡಿದವರಿಗೆ ಕುಡಿಸುತ್ತಿದ್ದ ವಿಷ ಇದರದ್ದೇ ಇರಬೇಕೆಂದು ನನಗೆ ಕ್ಷಣಕಾಲ ಮರದ ಮೇಲೆ ಗೌರವ ಬಂತು. ಅದು ಬೇರೆ ಗಿಡ, ಇದು ಪಾಪದ್ದು ಎಂದು ಅತ್ತೆಯ ಗಂಡ, ನನ್ನ ಮಾಮಾ, ಹೇಳಿದ ಮೇಲೆ ಸ್ವಲ್ಪ ಇಳಿಯಿತು.

ಅಲ್ಲಿ ಪ್ರತಿ ರಾಜ್ಯಕ್ಕೂ ಒಂದು ಅಧಿಕೃತ ಮರ ಇದೆ. ನ್ಯೂ ಜೆರ್ಸಿಗೆ ಓಕ್, ನ್ಯೂಯಾರ್ಕಿಗೆ ಮೇಪಲ್. ಹೆಮ್ಲಾಕ್ ನದಿಯಾಚೆಯ ಪೆನ್ಸಿಲ್ವೇನಿಯಾದ್ದು. ಅಂದರೆ ಅತ್ತೆಯ ಅಂಗಳದಲ್ಲಿ ನಿಂತದ್ದು ಪಕ್ಕದ ರಾಜ್ಯದ ಮರ. ಮರ ರಾಜ್ಯಕ್ಕೆ ಯಾವ ಪ್ರಮಾಣವಚನ ಸ್ವೀಕರಿಸಿದೆ, ಗಡಿಯಾಚೆ ಬೆಳೆದರೆ ಪಕ್ಷಾಂತರವೇ ಎಂದು ಕೇಳಿದೆ. ಮಾಮಾ ಮೈಸೂರಿನವರು, ಮಾತು ಕಡಿಮೆ. "ನಮ್ಮ ಕರ್ನಾಟಕದ ಮರ ಯಾವುದಮ್ಮ?" ಎಂದರು. ಶ್ರೀಗಂಧ ಎಂದೆ. "ನಿಂತಿರೋದು ನೋಡಿದೀಯಾ?" ನೋಡಿರಲಿಲ್ಲ. ಸೋಪಿನಲ್ಲಿ ನೋಡಿದ್ದೆ, ಪೊಲೀಸರು ಹಿಡಿದ ಲಾರಿಯ ಫೋಟೊದಲ್ಲಿ ನೋಡಿದ್ದೆ. "ಇದು ನಿಂತಿದೆ" ಎಂದು ಅವರು ಚಹಾ ಮುಗಿಸಿದರು.

ಮಾಮಾ ದಿನಾ ರೂಟ್ ವನ್ ಹೆದ್ದಾರಿಯ ಬಸ್ಸಿನಲ್ಲಿ ಮ್ಯಾನ್‌ಹಟನ್ನಿಗೆ ಹೋಗಿ ಬರುತ್ತಿದ್ದರು. ಅಲ್ಲಿನ ಒಂದು ಹಣಕಾಸು ಕಂಪನಿಯಲ್ಲಿ ಕೆಲಸ. ಆ ತಿಂಗಳು ಸಂಜೆ ಬಾಗಿಲು ತೆಗೆದು ಒಳಗೆ ಬಂದವರೇ ಶೂ ಬಿಚ್ಚುವ ಮೊದಲು ಒಂದೇ ಮಾತು ಹೇಳುತ್ತಿದ್ದರು: "ಇವತ್ತಿಗಿದೆ." ಕೆಲಸ ಎಂದು ಅತ್ತೆ ಅರ್ಥ ಮಾಡಿಕೊಂಡು ಒಲೆಯ ಮೇಲೆ ಬಾಣಲೆ ಇಡುತ್ತಿದ್ದಳು.

ಇಪ್ಪತ್ತೆರಡು ವರ್ಷದ ಹಿಂದೆ ಮನೆ ಹುಡುಕುವಾಗ ಅತ್ತೆ ಅಡುಗೆಮನೆ ನೋಡಲಿಲ್ಲವಂತೆ. ಮರದ ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದು, ಎರಡೂ ಕಡೆ ಸಾಲಾಗಿ ಕೂತ ಪುಟ್ಟ ಚಪ್ಪಟೆ ಎಲೆ ನೋಡಿ, "ಬನ್ನಿ ಇದ್ದಂಗ ಐತಿ, ಇದ ಮನೀ ಇರಲಿ" ಅಂದಳಂತೆ. ಆ ವರ್ಷ ಎರಡು ಮನೆಯವರು ಬಂದು ಬಂಗಾರ ಒಯ್ದರು. ಈಗ ದಶಮಿಯ ಸಂಜೆ ಊರಿನ ಕನ್ನಡದ ಮನೆಗಳೆಲ್ಲ ಈ ಅಂಗಳದಲ್ಲಿ. ಕೊಟ್ಟ ಮರುದಿನದಿಂದಲೇ ಕಡ್ಡಿಯ ಎಲೆ ಉದುರತೊಡಗುತ್ತದೆ. ಆದರೂ ೨೦೦೮ರಲ್ಲಿ ಷೇರು ಮಾರುಕಟ್ಟೆಗಿಂತ ನಿಧಾನವಾಗಿ ಉದುರಿದ ಬಂಗಾರ ಅದೊಂದೇ ಇರಬೇಕು.

"ಇತ್ತೀಚಿಗೆ ಇನ್ನೊಂದು ಆಗೇತಿ ನೋಡು" ಎಂದು ಅತ್ತೆ ಕೊಂಬೆಯೊಂದನ್ನು ಮಗುಚಿ ತೋರಿಸಿದಳು. ಎಲೆಗಳ ಬುಡದಲ್ಲೆಲ್ಲ ಹತ್ತಿಯ ಚಿಕ್ಕ ಚಿಕ್ಕ ಉಂಡೆ ಅಂಟಿಸಿದಂತೆ ಬಿಳಿ ಚುಕ್ಕೆ. ಅವಳ ಮುಖ ಹೊಳೆಯುತ್ತಿತ್ತು. "ಎರಡು ವರ್ಷ ಆತು, ಬಂಗಾರದ ಜೋಡಿ ಬೆಳ್ಳೀನೂ ಬರಾಕತ್ತೈತಿ. ಮಂದಿ ಬೆಳ್ಳಿ ಇದ್ದದ್ದ ಕೊಡ್ರಿ ಅಂತ ಜಗಳಾ ಮಾಡ್ತಾರ."

ನಾನು ಒಂದು ಕಡ್ಡಿ ಮುರಿದುಕೊಂಡೆ. ಹಬ್ಬಕ್ಕೆ ಮುಂಚೆ ಬನ್ನಿ ಹರಿಯಬಾರದೆಂದು ಅತ್ತೆ ಕೈಗೆ ಏಟು ಕೊಟ್ಟಳು. ಸಾಕ್ಷ್ಯ ಸಂಗ್ರಹಕ್ಕೆ ಮುಹೂರ್ತ ಬೇಡವೆಂದು ಹೇಳಿ ಪರ್ಸಿಗೆ ಹಾಕಿಕೊಂಡೆ.

ಜ್ಯಾಕ್ಸನ್ ಹೈಟ್ಸ್

ಅತ್ತೆಯ ಬಂಗಾರದ ಬಳೆಯ ಕೊಂಡಿ ಸಡಿಲವಾಗಿತ್ತು. ನಿಜವಾದ ಬಂಗಾರಕ್ಕೆ ಅವಳು ನಂಬುವ ಅಂಗಡಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಎಪ್ಪತ್ನಾಲ್ಕನೇ ಬೀದಿಯಲ್ಲಿ. ಬಸ್ಸಿನಲ್ಲಿ ಮ್ಯಾನ್‌ಹಟನ್ನಿಗೆ ಬಂದು ರೈಲು ಹಿಡಿಯುವಾಗ ಸಂಜೆಯಾಗುತ್ತಿತ್ತು. ಒಂದೇ ಹಳಿಯ ದಾರಿಗೆ ಎರಡು ಬಗೆಯ ಗಾಡಿ. ಒಂದು ಎಲ್ಲ ಕಡೆ ನಿಲ್ಲುತ್ತದೆ, ಇನ್ನೊಂದು ವೇಗದ್ದು. ಅತ್ತೆ ನಿಲ್ಲುವ ಗಾಡಿಗೆ ಕಾಯೋಣ ಎಂದಳು. ದಾರಿ ಒಂದೇ, ದಿಕ್ಕು ಒಂದೇ ಅಂದ ಮೇಲೆ ವೇಗದ ಗಾಡಿ ಬಿಡುವುದು ಮೂರ್ಖತನ ಎಂದು ನಾನು ಒಂದೇ ನಿಮಿಷದಲ್ಲಿ ಸಾಬೀತು ಮಾಡಿ ಅವಳನ್ನು ಹತ್ತಿಸಿದೆ. ಎಪ್ಪತ್ನಾಲ್ಕನೇ ಬೀದಿಯ ಸ್ಟೇಷನ್ನು ಕಿಟಕಿಯಾಚೆ ಬಂತು, ಸೀರೆ ಅಂಗಡಿಯ ಬೋರ್ಡು ಕಂಡಿತು, ಹೋಯಿತು.

"ಪಾಯಿಂಟ್ ಭಾಳ ಚಲೋ ಇತ್ತವಾ" ಎಂದಳು ಅತ್ತೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಗಾಡಿಗೆ ಮೆಟ್ಟಿಲು ಹತ್ತುತ್ತ. ಅವಳ ಮಂಡಿ ನೋಯುತ್ತಿತ್ತು. "ಸ್ಟೇಷನ್ ಒಂದ ತಪ್ಪಿತು."

ಅಕ್ಕಸಾಲಿ ಗುಜರಾತಿನ ಮುದುಕ. ಬಳೆಯನ್ನು ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಪುಟ್ಟ ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ ನನಗೆ ಪರ್ಸಿನ ಕಡ್ಡಿ ನೆನಪಾಯಿತು. ಅರ್ಧ ಎಲೆ ಉದುರಿದ್ದರೂ ಬೆಳ್ಳಿ ಹಾಗೇ ಇತ್ತು. ಮುಂದಿಟ್ಟು, ಇದನ್ನೂ ಸ್ವಲ್ಪ ಪರೀಕ್ಷಿಸಿ ಎಂದೆ. ಅವನು ಒಂದು ಕ್ಷಣ ನನ್ನನ್ನೇ ಪರೀಕ್ಷಿಸಿದ. ಆಮೇಲೆ ವ್ಯಾಪಾರವಿಲ್ಲದ ದಿನದ ತಾಳ್ಮೆಯಿಂದ ಕಡ್ಡಿ ಎತ್ತಿ ದೀಪದ ಕೆಳಗೆ ಹಿಡಿದ.

"ಚಾಂದಿ ನಹೀ ಹೈ, ಬೆಹನ್" ಎಂದ. "ಯೇ ತೋ ಝಿಂದಾ ಹೈ."

ಬೆಳ್ಳಿಯಲ್ಲ, ಜೀವ ಇದೆ ಎಂದರೇನೆಂದು ಕನ್ನಡಿ ಇಸಕೊಂಡು ನೋಡಿದೆ. ಬಿಳಿ ಅರಳೆಯ ಪಕ್ಕದಲ್ಲಿ ಎಳ್ಳಿಗಿಂತ ಎಷ್ಟೋ ಸಣ್ಣ ಕಪ್ಪು ಜೀವಗಳು, ಸುತ್ತ ಬಿಳಿಯ ಅಂಚು ಕಟ್ಟಿಕೊಂಡು, ಎಲೆಯ ಬುಡಕ್ಕೆ ಬಾಯಿ ಹಚ್ಚಿ ಕೂತಿದ್ದವು. ಅತ್ತೆಯೂ ನೋಡಿದಳು. ರಿಪೇರಿಯಾದ ಬಳೆಯನ್ನು ಕೈಗೆ ಹಾಕಿಕೊಳ್ಳುವುದನ್ನೂ ಮರೆತು ಪರ್ಸಿಗೆ ಹಾಕಿದಳು.

ಶನಿವಾರ, ನಾಗರತ್ನಾ ಆಂಟಿಯ ಮನೆ

ಮರುದಿನ ಊರಿನ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತೆ. ಹೆಮ್ಲಾಕಿನ ರಸ ಹೀರುವ ಹುಳ ಅದು. ಹಿಡಿದ ಮರ ಕೆಲವು ವರ್ಷಗಳಲ್ಲಿ ಬೋಳಾಗಿ ಸಾಯಬಹುದು. ಹೇಗೆ ಹರಡುತ್ತದೆ ಎಂಬಲ್ಲಿ ಗಾಳಿ, ಹಕ್ಕಿ, ಜಿಂಕೆ, ಮನುಷ್ಯ ಎಂದಿತ್ತು. ನಾನು ಮನುಷ್ಯನನ್ನು ಇಟ್ಟುಕೊಂಡು ಉಳಿದ ಮೂವರನ್ನು ಬಿಟ್ಟೆ. ಚರ್ಚೆಗೆ ಸಿದ್ಧವಾಗುವುದೆಂದರೆ ಅದೇ.

ಶನಿವಾರ ಎಲ್ಲರೂ ನಾಗರತ್ನಾ ಆಂಟಿಯ ಬೊಂಬೆ ನೋಡಲು ಸೇರಿದ್ದರು. ಅವರೂ ಮೈಸೂರಿನವರು, ಒಂಬತ್ತು ಮೆಟ್ಟಿಲ ಬೊಂಬೆ, ಪಕ್ಕದಲ್ಲಿ ಒಬ್ಬೊಬ್ಬರು ಒಂದೊಂದು ಮಾಡಿ ತಂದ ಅಡುಗೆ. ಗಂಡಸರು ಒಂದು ಮೂಲೆಯಲ್ಲಿ ಯಾರ ಆಫೀಸಿನಲ್ಲಿ ಯಾರು ಹೋದರು ಎಂದು ಮೆಲ್ಲಗೆ ಮಾತಾಡುತ್ತಿದ್ದರು. ದಶಮಿಗೆ ಎಷ್ಟು ಹೊತ್ತಿಗೆ ಬರೋಣ ಎಂದು ಯಾರೋ ಅತ್ತೆಯನ್ನು ಕೇಳಿದರು. ನಾನು ಎದ್ದು ನಿಂತೆ.

ಮೂರು ಅಂಶ ಇಟ್ಟೆ. ಒಂದು, ಇದು ಬೆಳ್ಳಿಯಲ್ಲ, ಹುಳ. ಎರಡು, ಹುಳ ಬಿದ್ದ ಕಡ್ಡಿಯನ್ನು ಮನೆಮನೆಗೆ ಒಯ್ಯುವುದೆಂದರೆ ಹಬ್ಬದ ಹೆಸರಿನಲ್ಲಿ ರೋಗ ಹಂಚುವುದು. ಅಷ್ಟರಲ್ಲಿ ಲಿಯೋ ಅಂಕಲ್ ಕೈ ಎತ್ತಿದರು. ಅವರು ಮಂಗಳೂರಿನ ಕ್ಯಾಥೊಲಿಕ್ಕರು, ರೂಟ್ ವನ್ ಪಕ್ಕದಲ್ಲಿ ಅವರದೊಂದು ಮೋಟೆಲ್ಲು. ಪ್ರತಿ ವರ್ಷ ಅತ್ತೆಯಿಂದ ಬಂಗಾರ ಒಯ್ದು ರಿಸೆಪ್ಷನ್ನಿನ ಮೇರಿಯಮ್ಮನ ಪಟಕ್ಕೆ ಸಿಕ್ಕಿಸುತ್ತಾರೆ. ನಾನು ನಿಲ್ಲಿಸಲಿಲ್ಲ. ಯಾರೋ ಅವರಿಗೆ ಬೇಕಾಗಿದ್ದು ಚಕ್ಕುಲಿ ಅಂದುಕೊಂಡು ಎತ್ತಿದ ಕೈಗೆ ತಟ್ಟೆ ಕೊಟ್ಟರು.

"ಮೂರು" ಎಂದೆ. "ಲಿಯೋ ಅಂಕಲ್ ಮೋಟೆಲ್ಲಿನ ಹಿಂದೆ ಹೆಮ್ಲಾಕಿನ ಸಾಲೊಂದಿತ್ತು, ಅತ್ತೆಯೇ ಹೇಳಿದ್ದು. ಎರಡು ವರ್ಷದ ಹಿಂದೆ ಸತ್ತು ಕಡಿಸಿದರು. ನಮ್ಮ ಮರಕ್ಕೆ ಬೆಳ್ಳಿ ಬಂದದ್ದು ಯಾವಾಗ? ಎರಡು ವರ್ಷದ ಹಿಂದೆ. ಕಣ್ಣಿಗೆ ಕಾಣದ ಹುಳ ಇಲ್ಲ ಅಂತ ಆಗುವುದಿಲ್ಲ."

ನೆವಾರ್ಕಿನ ಅಧಿಕಾರಿಯ ವಾಕ್ಯ ಸರಿಯಾದ ಜಾಗದಲ್ಲಿ ಕೂತಿತು. ಕೋಣೆ ನಿಶ್ಶಬ್ದ. ಇಂಥ ನಿಶ್ಶಬ್ದಕ್ಕೆ ನನಗೆ ಕಪ್ಪು ಕೊಟ್ಟು ರೂಢಿ.

"ಅಯ್ಯೋ! ನಾನು ಹೋದ ವರ್ಷ ಜಾಸ್ತಿ ಬೆಳ್ಳಿ ಇರೋದನ್ನೇ ಹುಡುಕಿ ತಗೊಂಡೆ ಕಣ್ರೀ" ಎಂದು ನಾಗರತ್ನಾ ಆಂಟಿ ಸೆರಗಿಗೆ ಕೈ ಒರೆಸಿಕೊಂಡರು. ಎಲ್ಲರೂ ನಕ್ಕರು. ಈ ವರ್ಷ ಬೇಡ ಎಂದು ತೀರ್ಮಾನವಾಯಿತು.

ನಗದವಳು ಅತ್ತೆ ಒಬ್ಬಳೇ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಕೇಳಿದಳು. "ಹಂಗಂದ್ರ ಲಿಯೋನ ಗಿಡಾ ಕೊಂದಾಕಿ ನಾನ?"

"ಸಾಧ್ಯತೆ ಇದೆ ಅಂದೆ ಅಷ್ಟೇ ಅತ್ತಿ."

"ಹಂಗ ಅನಲಿಲ್ಲ ನೀ" ಎಂದಳು. ಹೌದು, ಅಂದಿರಲಿಲ್ಲ. ಸಾಧ್ಯತೆ ಎಂಬ ಪದ ಹಾಕಿದರೆ ವಾಕ್ಯದ ಬಿಗಿ ಹೋಗುತ್ತದೆ.

ಮನೆಗೆ ಬಂದು ತಾನೇ ಎಲ್ಲರಿಗೂ ಇ-ಮೇಲ್ ಬರೆದಳು: ದಶಮಿಗೆ ಯಾರೂ ಬರಬೇಡಿ. ಆಮೇಲೆ ಮಾಮಾನಿಗೆ ಹೇಳಿದಳು, "ಮರಾ ಕಡಿಸೂಣು. ಇನ್ನ ಯಾರದರ ಮನ್ಯಾಗ ಇದ್ದದ್ದರ ಉಳೀಲಿ."

ಮರ ಉಳಿಸಬೇಕೆಂದೋ ಕಡಿಸಬೇಕೆಂದೋ ನನ್ನ ಮೂರು ಅಂಶಗಳಲ್ಲಿ ಇರಲಿಲ್ಲ. ಗೆದ್ದ ಮೇಲೆ ಏನಾಗುತ್ತದೆ ಎಂಬುದು ಚರ್ಚಾಸ್ಪರ್ಧೆಯಲ್ಲಿ ಕೇಳುವ ಪ್ರಶ್ನೆಯಲ್ಲ. ಮುಂದಿನ ನಾಲ್ಕು ದಿನ ಅತ್ತೆ ಅಂಗಳದ ಕಡೆಯ ಕಿಟಕಿಯ ಪರದೆ ಸರಿಸಲಿಲ್ಲ. ಮಾಮಾ "ಇವತ್ತಿಗಿದೆ" ಎಂದು ಬಂದರೆ ಮರದ ಬಗ್ಗೆ ಹೇಳುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಡೆಲವೇರ್ ನದಿಯಾಚೆ

ಮರ ಕಡಿಯುವವನನ್ನು ಹುಡುಕುವ ಮೊದಲು ಮರ ಬಲ್ಲವನನ್ನು ಒಮ್ಮೆ ಕೇಳಿ ಎಂದರು ಮಾಮಾ. ಆಫೀಸಿನಲ್ಲಿ ಯಾರೋ ವಾಲ್ಟ್ ಎಂಬವನ ಹೆಸರು ಕೊಟ್ಟಿದ್ದರಂತೆ. ಪೆನ್ಸಿಲ್ವೇನಿಯಾದಲ್ಲಿ ಸಸಿ ಮಾರುತ್ತಾನೆ, ಕಾಯಿಲೆಯ ಮರಗಳಿಗೆ ಔಷಧ ಹೊಡೆಯುತ್ತಾನೆ. ಅವನಿಗೆ ಬಿಡುವಿದ್ದದ್ದು ವಿಜಯದಶಮಿಯ ಬೆಳಿಗ್ಗೆ.

ಅತ್ತೆ ಡ್ರೈವ್ ಮಾಡಿದಳು. ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರ ಬಾಯಿಗೆ ಟೇಪು, ಒಳಗೆ ಒಂದು ಕಡ್ಡಿ. ಸೇತುವೆಯ ಮೇಲೆ ಸುಂಕ ತೆಗೆದುಕೊಂಡರು. ಜೆರ್ಸಿ ಬಿಟ್ಟು ಹೋಗುವವರಿಗೆ ಮಾತ್ರ ಸುಂಕವಂತೆ, ಒಳಗೆ ಬರುವವರಿಗೆ ಪುಕ್ಕಟೆ. ಈ ನಿಯಮ ಮಾಡಿದವನಿಗೆ ಎರಡೂ ರಾಜ್ಯಗಳ ಸ್ವಭಾವ ಗೊತ್ತಿತ್ತು ಎಂದೆ. ಬೇರೆ ದಿನವಾಗಿದ್ದರೆ ಅತ್ತೆ ಒಂದು ಉತ್ತರ ಕೊಡುತ್ತಿದ್ದಳು.

ವಾಲ್ಟ್ ಅರವತ್ತು ದಾಟಿದ ಗಟ್ಟಿ ಆಳು, ಗಡ್ಡದಲ್ಲಿ ಮರದ ಪುಡಿ. ನಾನು ಅಷ್ಟೊಂದು ಸುತ್ತಿದ ಚೀಲ ಕೊಟ್ಟಾಗ ಒಳಗೆ ಬಾಂಬೇನೋ ಎಂಬಂತೆ ಕಿವಿಗೆ ಹಿಡಿದು ನೋಡಿದ. ಬಿಚ್ಚಿ, ಒಂದು ಸಲ ಮಗುಚಿ, "ಹೂಂ" ಎಂದ. ನಮ್ಮನ್ನು ಹಿತ್ತಲಿನ ಇಳಿಜಾರಿಗೆ ಕರೆದೊಯ್ದ. ಕೆಳಗೆ ಝರಿ, ಅದರ ಮೇಲೆ ಬಾಗಿ ಇಬ್ಬರು ತಬ್ಬಿದರೂ ತೋಳು ಸಾಲದಂಥ ಹೆಮ್ಲಾಕ್. ಮೇಲೆ ಬಿಸಿಲಿದ್ದರೂ ಕೆಳಗೆ ಸಂಜೆಯ ತಂಪು. "ನಮ್ಮ ರಾಜ್ಯದ ಮರ" ಎಂದ, ತನ್ನ ಮಗನನ್ನು ಪರಿಚಯಿಸುವವನ ಹಾಗೆ. ಅದರ ಕೊಂಬೆಯಲ್ಲೂ ಅಲ್ಲಲ್ಲಿ ಬಿಳಿ ಇತ್ತು. "ಇದಕ್ಕೂ ಹಿಡಿದಿದೆ. ಔಷಧ ಹೊಡೆಯುತ್ತೇನೆ. ಬದುಕಿದೆ. ನಿಮ್ಮದೂ ಬದುಕಬಹುದು. ಗೊಬ್ಬರ ಹಾಕುತ್ತೀರಾ?"

"ವರ್ಷಕ್ಕೆ ಎರಡು ಸಲ" ಎಂದಳು ಅತ್ತೆ, ಹೆಮ್ಮೆಯಿಂದ.

"ನಿಲ್ಲಿಸಿ. ಅದು ಹುಳಕ್ಕೆ ಹಬ್ಬದೂಟ."

ಅತ್ತೆ ತಲೆ ತಗ್ಗಿಸಿದಳು. ಆಮೇಲೆ ತಾನು ಕೇಳಬೇಕಾದ್ದನ್ನು ಕೇಳಿದಳು. ಪ್ರತಿ ಅಕ್ಟೋಬರಿನಲ್ಲಿ ಕಡ್ಡಿ ಮುರಿದು ಜನರ ಕೈಗೆ ಕೊಡುತ್ತೇನೆ. ಅವರ ಮನೆಯ ಮರ ಅದರಿಂದ ಸತ್ತಿರಬಹುದೇ?

ವಾಲ್ಟ್ ತಲೆ ಅಲ್ಲಾಡಿಸಿದ. ಈ ಹುಳ ನಡೆದಾಡುವುದು ವಸಂತದಲ್ಲಿ, ಮೊಟ್ಟೆ ಒಡೆದಾಗ. ಆಗ ಗಾಳಿ ಒಯ್ಯುತ್ತದೆ, ಹಕ್ಕಿ ಕಾಲಿಗೆ ಅಂಟಿಸಿಕೊಂಡು ಒಯ್ಯುತ್ತದೆ. ಅಕ್ಟೋಬರಿನಲ್ಲಿ ಕೂತ ಜಾಗದಿಂದ ಅಲ್ಲಾಡುವುದಿಲ್ಲ. ಕಡ್ಡಿ ಮುರಿದರೆ ಕಡ್ಡಿ ಒಣಗುತ್ತದೆ, ರಸವಿಲ್ಲದೆ ಅದೂ ಒಣಗಿ ಸಾಯುತ್ತದೆ.

"ಖಾತ್ರಿಯೇ?" ಎಂದೆ. ಹೌದೆಂದ. ಇನ್ನೊಂದು ರೀತಿಯಲ್ಲಿ ಕೇಳಿದೆ. ಮತ್ತೆ ಹೌದೆಂದ. ಮೂರನೆಯ ಸಲ ಕೇಳುವಾಗ ಅತ್ತೆ ನನ್ನ ಕೈ ಹಿಡಿದು ಒತ್ತಿದಳು.

ಒಣಗಿದ ಎಲೆಯಲ್ಲಿ ಯಾವ ಹುಳ, ಏನು ತಿಂದು, ಹೇಗೆ ಬದುಕಿರುತ್ತದೆ? ನೆವಾರ್ಕಿನಲ್ಲಿ ಈ ಮಾತು ಹೇಳಿದ್ದು ನಾನೇ. ಸೋತ ಪಕ್ಷವೆಂದು ನನ್ನದೇ ವಾದವನ್ನು ಕಸದ ಡಬ್ಬಿಯ ಪಕ್ಕ ಬಿಟ್ಟು, ಗೆದ್ದವನ ವಾಕ್ಯ ಎತ್ತಿಕೊಂಡು ಬಂದಿದ್ದೆ.

ಕಡ್ಡಿಯನ್ನು ಯಾಕೆ ಕೊಡುತ್ತೀರಿ ಎಂದು ವಾಲ್ಟ್ ಕೇಳಿದ. ಅತ್ತೆ ತನ್ನ ಜೆರ್ಸಿ ಇಂಗ್ಲಿಷಿನಲ್ಲಿ ಬಂಗಾರದ ಕಥೆ ಹೇಳಿದಳು. ಅವನು ಗಡ್ಡ ತುರಿಸಿಕೊಂಡ. "ಹುಟ್ಟಿದಾಗಿನಿಂದ ಈ ಮರದ ಕೆಳಗೇ ಇದ್ದೇನೆ. ನನಗೆ ಯಾರೂ ಬಂಗಾರ ಕೊಟ್ಟಿಲ್ಲ." ಅತ್ತೆ ಆ ಟೇಪು ಹಚ್ಚಿದ ಚೀಲದ ಕಡ್ಡಿಯನ್ನೇ ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. ಪೆನ್ಸಿಲ್ವೇನಿಯಾದವನಿಗೆ ಪೆನ್ಸಿಲ್ವೇನಿಯಾದ ಮರವನ್ನೇ ಉಡುಗೊರೆ ಕೊಟ್ಟು ಥ್ಯಾಂಕ್ಸ್ ಹೇಳಿಸಿಕೊಂಡವಳು ಅವಳೊಬ್ಬಳೇ ಇರಬೇಕು.

ರೂಟ್ ವನ್

ವಾಪಸು ಬರುವಾಗ ಅತ್ತೆ ಹೇಳಿದಳು, "ಯಾರೂ ಬರಬ್ಯಾಡ್ರಿ ಅಂತ ಬರದೇನಿ. ಇನ್ನ ಯಾರು ಬರತಾರ?"

"ಊರಲ್ಲಿ ಮರದ ಹತ್ತಿರ ಮನೆಯವರೆಲ್ಲ ಬರುತ್ತಾರೇನು? ಹುಡುಗರು ಮನೆಮನೆಗೆ ಒಯ್ದು ಕೊಡುವುದಲ್ಲವೇ?" ಎಂದೆ.

"ಹೂಂ. ಚಿಕ್ಕವರು ಒಯ್ಯಬೇಕು." ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕಾಲೂ ಮುಟ್ಟಬೇಕಾಗ್ತೈತಿ ವಕೀಲವ್ವಾ."

ಮನೆಗೆ ಬಂದು ಅತ್ತೆ ಮರಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ನೀರು ಬಿಟ್ಟಳು. ನಾನು ಕಡ್ಡಿ ಮುರಿದು ಬುಟ್ಟಿ ತುಂಬಿದೆ. ಹೊರಡುವ ಮೊದಲು ಅವಳಿಗೇ ಒಂದು ಕೊಟ್ಟು ಬಗ್ಗಿದೆ. ಹತ್ತನೆಯ ತರಗತಿಯಿಂದ ಕಾಯ್ದುಕೊಂಡ ವಿನಾಯಿತಿ ಅಲ್ಲಿಗೆ ಮುಗಿಯಿತು.

ಮೊದಲು ನಾಗರತ್ನಾ ಆಂಟಿಯ ಬಾಗಿಲು.

"ಶನಿವಾರ ಅಷ್ಟೆಲ್ಲಾ ಹೇಳಿದ್ಯಲ್ಲಮ್ಮ?"

"ತಪ್ಪು ಹೇಳಿದೆ ಆಂಟಿ."

"ಪೂರ್ತಿ ತಪ್ಪಾ, ಅರ್ಧನಾ?"

"ಹುಳ ನಿಜ. ಅದು ಬಂಗಾರದ ಜೊತೆ ಬಂದು ಮರ ಕೊಲ್ಲುತ್ತೆ ಅನ್ನೋದು ಸುಳ್ಳು."

"ಹಾಗಾದ್ರೆ ಬೆಳ್ಳಿ ಇಲ್ದೇ ಇರೋದನ್ನ ನೋಡಿ ಕೊಡು" ಎಂದು ಬುಟ್ಟಿಯಲ್ಲಿ ತಾವೇ ಕೈಯಾಡಿಸಿದರು. ಹೋದ ವರ್ಷ ಹುಡುಕಿದ್ದಕ್ಕೆ ಉಲ್ಟಾ ಹುಡುಕಾಟ.

ಹೀಗೆ ಆರು ಬಾಗಿಲಲ್ಲಿ ತಪ್ಪು ಹೇಳಿದೆ ಎಂದೆ. ಮೂರನೆಯ ಮನೆಯ ಹೊತ್ತಿಗೆ ನಾಲಿಗೆ ಪಳಗಿತು. ಐದನೆಯ ಮನೆಯಲ್ಲಿ ಆ ಬೆಳಿಗ್ಗೆಯಷ್ಟೇ ಕೆಲಸ ಕಳೆದುಕೊಂಡವರೊಬ್ಬರು ಟೈ ಬಿಚ್ಚದೆ ಕೂತಿದ್ದರು. ಅವರು ಕಡ್ಡಿಯನ್ನು ತೆಗೆದುಕೊಂಡು ಜೇಬಿನ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು, "ಬಂಗಾರದ ಹಾಗಿರೋಣಮ್ಮ" ಎಂದರು. ಎಲೆಗೆ ತೂಕವಿಲ್ಲ ಎಂಬ ನನ್ನ ಹಳೆಯ ವಾದ ಅಲ್ಲಿ ನೆನಪಾಯಿತು. ಅದು ಈಗಲೂ ಸರಿಯೇ. ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಮೋಟೆಲ್ಲು. ಪಾರ್ಕಿಂಗಿನಲ್ಲಿ ಎರಡೇ ಕಾರು. ಹಿಂದೆ ಮರಗಳ ಸಾಲಿದ್ದ ಕಡೆ ಬುಡ ಮಾತ್ರ ಉಳಿದಿದ್ದವು. ಅತ್ತೆ ಎಂಜಿನ್ ಆರಿಸಿ ಸ್ಟಿಯರಿಂಗ್ ಹಿಡಿದೇ ಕೂತಳು.

"ನೀ ಹೋಗಿ ಬಾ. ನಾ ಏನ ಮುಖಾ ತೋರಿಸಲಿ ಅವಗ? ಹುಳಾ ನಡದಿಲ್ಲ ಅಂತ ಆ ಗಡ್ಡದಾಂವಾ ಹೇಳಿದ. ಲಿಯೋ ನಂಬಬೇಕಲ್ಲ?"

ಒಳಗೆ ಹೋದೆ. ಲಿಯೋ ಅಂಕಲ್ ಕೌಂಟರಿನ ಹಿಂದೆ ಕೂತು ಬೀಗದ ಕೈಗಳಿಗೆ ನಂಬರು ಅಂಟಿಸುತ್ತಿದ್ದರು. ಮೇರಿಯಮ್ಮನ ಪಟದ ಮೇಲೆ ಹೋದ ವರ್ಷದ ಕಡ್ಡಿ, ಎಲೆಯಿಲ್ಲದೆ, ಗುಂಡುಪಿನ್ನಿನ ಹಾಗೆ ನಿಂತಿತ್ತು. ನಾನು ಬುಟ್ಟಿ ಕೆಳಗಿಟ್ಟು, ಅಭ್ಯಾಸವಾಗಿದ್ದ ವಾಕ್ಯ ಶುರು ಮಾಡಿದೆ. ಅವರು ಕೈ ಎತ್ತಿದರು. ಈ ಸಲ ನಿಲ್ಲಿಸಿದೆ.

"ನಾನು ಈ ಮೋಟೆಲ್ ತಗೊಂಡದ್ದು ಯಾವಾಗ ಗೊತ್ತುಂಟಾ? ಹದಿನೈದು ವರ್ಷ ಆಯ್ತು. ಆಗಲೇ ಆ ಮರಕ್ಕೆ ಬಿಳಿ ಹತ್ತಿ ಇತ್ತು ಮಾರಾಯ್ತಿ. ನಿನ್ನ ಅತ್ತೆಯ ಪರಿಚಯವೇ ಇರಲಿಲ್ಲ ನನಗೆ."

"ಮತ್ತೆ ಶನಿವಾರ ಯಾಕೆ ಹೇಳಲಿಲ್ಲ ಅಂಕಲ್?"

"ಹೇಳ್ಲಿಕ್ಕೆ ಅಂತ್ಲೇ ಕೈ ಎತ್ತಿದ್ದು. ನೀನು ನಂಬರ್ ಮೂರಕ್ಕೆ ಹೋದೆ. ನಂಗೆ ಚಕ್ಕುಲಿ ಸಿಕ್ಕಿತು." ಅವರು ನಕ್ಕರು. "ಅಷ್ಟು ಚಂದ ಮಾತಾಡ್ತಾ ಇದ್ದಿ, ಮಧ್ಯ ಬಾಯಿ ಹಾಕುದು ಹೇಗೆ? ಆಮೇಲೆ ಸರೋಜಕ್ಕನಿಗೆ ಫೋನ್ ಮಾಡಿದ್ರೆ ಎತ್ತುದಿಲ್ಲ. ಎಲ್ಲಿ ಅವರು?"

ಕಾರಿನಲ್ಲಿ ಎಂದೆ. ಅವರು ಎದ್ದು, ಕನ್ನಡಕ ಹಣೆಗೇರಿಸಿ, ಪಾರ್ಕಿಂಗಿಗೆ ನಡೆದರು. ಕಾರಿನ ಕಿಟಕಿಗೆ ಬೆರಳಲ್ಲಿ ಬಡಿದರು. ಅತ್ತೆ ಗಾಜು ಇಳಿಸಿದಳು.

"ಎಂತ ಸರೋಜಕ್ಕ, ಹದಿಮೂರು ವರ್ಷದಿಂದ ಕೈಯಾರೆ ಕೊಡ್ತಾ ಇದ್ರಿ, ಈಗ ಜೂನಿಯರ್ ಲಾಯರನ್ನು ಕಳಿಸುದಾ? ನನ್ನ ಬಂಗಾರ ಎಲ್ಲುಂಟು?"

ಅತ್ತೆ ಬಾಗಿಲು ತೆಗೆದು ಇಳಿದಳು. ಬುಟ್ಟಿ ನನ್ನ ಕೈಯಲ್ಲಿತ್ತು. ಎಲ್ಲಕ್ಕಿಂತ ದಪ್ಪ ಕಡ್ಡಿ ಹುಡುಕಿ, ಮಗುಚಿ ನೋಡಿ, ಬಿಳಿ ಇದ್ದದ್ದನ್ನು ಉಗುರಿನಿಂದ ಕೆರೆದು ತೆಗೆದು ಕೊಟ್ಟಳು. "ಬಂಗಾರ ತಗೊಂಡು" ಎಂಬಲ್ಲಿಗೆ ಅವಳ ಮಾತು ನಿಂತಿತು. ಉಳಿದರ್ಧ ಲಿಯೋ ಅಂಕಲ್ಲೇ ಹೇಳಿದರು, ಮಂಗಳೂರಿನ ರಾಗದಲ್ಲಿ.

ಆ ಸಂಜೆ ಮಾಮಾ ಬಾಗಿಲು ತೆಗೆದು "ಇವತ್ತಿಗಿದೆ" ಎಂದರು. "ಮರಾನೂ ಐತಿ" ಎಂದಳು ಅತ್ತೆ.

ಗದಗ

ಅಪ್ಪನಿಗೆಂದು ಅತ್ತೆ ಒಂದು ಕಡ್ಡಿ ಕಟ್ಟಿಕೊಡಲು ನೋಡಿದಳು. ವಿಮಾನ ನಿಲ್ದಾಣದಲ್ಲಿ ಬಂಗಾರ ಎನ್ನುವ ಪದ ಇನ್ನೊಮ್ಮೆ ಬಳಸುವ ಧೈರ್ಯ ನನಗಿರಲಿಲ್ಲ. ಬರಿಗೈಯಲ್ಲಿ ಬಂದೆ, ಕರಿಕೋಟು ತೊಟ್ಟೆ.

ಫೆಬ್ರುವರಿಯಲ್ಲಿ ಮಾಮಾನ ಕೆಲಸ ಹೋಯಿತು. "ಈಗ ಮನ್ಯಾಗ ಇರತಾರ. ಮರಕ್ಕ ಚಲೋ ಆತು" ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ವಾಲ್ಟ್ ಬಂದು ಔಷಧ ಹೊಡೆದು ಹೋದ ಮೇಲೆ ದಿನಾ ಏಣಿ ಹಾಕಿ ನೋಡುವುದು ಮಾಮಾನ ಪಾಲಿನ ಕೆಲಸವಂತೆ. ಮೇ ಕೊನೆಗೆ ಮತ್ತೆ ಫೋನು: ಹೊಸ ಚಿಗುರು ಬಂದಿದೆ, ಒಂದು ಇಂಚು.

"ಪುರಾವೆ?" ಎಂದೆ.

ಮೂರು ವಾರದ ಮೇಲೆ ಲಕೋಟೆ ಬಂತು. ಒಳಗೆ ಒಂದೇ ಫೋಟೊ. ಕಡು ಹಸಿರು ಕೊಂಬೆಯ ತುದಿಗೆ ಗಿಳಿ ಹಸಿರಿನ ಎಳೆ ಚಿಗುರು, ಅದರ ಪಕ್ಕದಲ್ಲಿ ಯಾರೋ ಹಿಡಿದ ಅಡಿಪಟ್ಟಿ. ಒಂದು ಇಂಚಿಗೆ ಒಂದು ಗೆರೆ ಹೆಚ್ಚೇ ಇತ್ತು. ಹಿಂದೆ ಅತ್ತೆಯ ಕೈಬರಹ: ವಕೀಲವ್ವಗ.

ಅಪ್ಪ ಪಂಚಾಂಗ ಓದುವ ಭೂತಗನ್ನಡಿ ತಂದು ಕೊಂಬೆಯ ಮೇಲೆ ಇಂಚಿಂಚಾಗಿ ಸರಿಸಿದೆ. ಅಡಿಪಟ್ಟಿಯ ಅಂಚಿನಲ್ಲಿ, ಎಲೆಗಳ ನಡುವೆ, ಒಂದು ಬಿಳಿ ಚುಕ್ಕೆ. ಮೊದಲಾಗಿದ್ದರೆ ಮೂರು ಅಂಶ ಬರೆದುಕೊಂಡು ಫೋನ್ ಮಾಡುತ್ತಿದ್ದೆ. ಈ ಸಲ ಬರೀ ಕೇಳಿದೆ.

"ಅತ್ತಿ, ಫೋಟೊದಾಗ ಬಲಗಡೆ, ಪಟ್ಟಿ ಬಾಜೂಕ ಏನೋ ಬೆಳ್ಳಗ ಕಾಣಸ್ತೈತಿ. ಏನದು?"

ಆ ಕಡೆ ಅತ್ತೆ ಹೋಗಿ ತನ್ನ ಪ್ರತಿ ತಂದು ನೋಡಿದಳು.

"ನಿಮ್ಮ ಮಾಮಾನ ಉಗುರು, ಹುಚ್ಚಿ."